ಎಸ್‌ಎಂಡಿ ಬಿಡಿಭಾಗಗಳಲ್ಲಿ ಹೆಡ್‌ಫೋನ್ ಆಂಪ್ಲಿಫೈಯರ್: ಬೆಸುಗೆಯಿಂದ ದೋಷ ಪತ್ತೆಯವರೆಗೆ

ಉದ್ದ ಕಾಲುಗಳ ರೆಸಿಸ್ಟರ್, ಐಸಿಗಳಿಂದ ಒಂದೆರಡು ಆಡಿಯೊ ಸರ್ಕ್ಯೂಟ್ ಮಾಡಿದವರೂ ಎಸ್‌ಎಂಡಿ (ತೂತುಗಳಿಲ್ಲದೆ ನೇರ ಬೋರ್ಡಿನ ಮೇಲ್ಮೈಗೆ ಬೆಸೆಯುವ ಚಿಕ್ಕ ಭಾಗಗಳು) ಎಂದೊಡನೆ ಹಿಂದೆ ಸರಿಯುತ್ತಾರೆ. ಅಕ್ಕಿಕಾಳಿಗಿಂತ ಚಿಕ್ಕ ಭಾಗವನ್ನು ಹಿಡಿಯುವುದೇ ಕಷ್ಟ ಎಂಬ ಭಯ. ಆ ಭಯ ಕೆಲವೇ ಬೆಸುಗೆಗಳಲ್ಲಿ ಹೋಗುತ್ತದೆ. ನಿಜವಾದ ತೊಂದರೆ ಶುರುವಾಗುವುದು ಆಮೇಲೆ. ಇಡೀ ಬೋರ್ಡನ್ನು ಒಂದೇ ಸಲಕ್ಕೆ ತುಂಬಿಸಿ, ಬ್ಯಾಟರಿ ಜೋಡಿಸಿ, ಸದ್ದು ಬರದಿದ್ದಾಗ ಎಲ್ಲಿಂದ ಹುಡುಕುವುದೆಂದು ತಿಳಿಯದೆ ಹೆಚ್ಚಿನವರು ಕೈಬಿಡುತ್ತಾರೆ. ಹಂತಹಂತವಾಗಿ ಕಟ್ಟಿ, ಪ್ರತಿ ಹಂತದಲ್ಲೂ ಅಳೆದರೆ ದೋಷ ಯಾವಾಗಲೂ ಈಗಷ್ಟೇ ಹಾಕಿದ ನಾಲ್ಕೈದು ಭಾಗಗಳಲ್ಲೇ ಇರುತ್ತದೆ. ಈ ಲೇಖನ ಆ ಕ್ರಮವನ್ನೇ ಹಿಡಿದು ಸಾಗುತ್ತದೆ.

ಕಟ್ಟಲಿರುವ ಸರ್ಕ್ಯೂಟ್

ಎರಡು 9 ವೋಲ್ಟ್ ಬ್ಯಾಟರಿಗಳಿಂದ ನಡೆಯುವ ಸ್ಟೀರಿಯೊ ಹೆಡ್‌ಫೋನ್ ಆಂಪ್ಲಿಫೈಯರ್. ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ನಡುವಿನ ಬಿಂದುವನ್ನು ಗ್ರೌಂಡ್ ಮಾಡಿದರೆ ಪ್ಲಸ್ 9, ಮೈನಸ್ 9 ಎರಡೂ ಸಿಗುತ್ತವೆ. ಮನೆಯ ಕರೆಂಟಿನ ಗೊಡವೆ ಇಲ್ಲದಿರುವುದರಿಂದ ಮೊದಲ ಬೋರ್ಡಿಗೆ ಇದೇ ಸರಿ.

ಸಿಗ್ನಲ್ ಹೋಗುವ ದಾರಿ ಹೀಗಿದೆ: ಇನ್‌ಪುಟ್‌ನಿಂದ 10 ಕಿಲೊಓಮ್ ವಾಲ್ಯೂಮ್ ಕಂಟ್ರೋಲ್, ಅದರ ನಡುಕಾಲಿನಿಂದ 1 ಮೈಕ್ರೊಫ್ಯಾರಡ್ ಕೆಪಾಸಿಟರ್, ಬಳಿಕ 1 ಕಿಲೊಓಮ್ ದಾಟಿ ಆಪ್‌ಆಂಪ್‌ನ (ಐಸಿಯೊಳಗಿನ, ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಪ್ಲಸ್ ಇನ್‌ಪುಟ್. ಆ ಪಿನ್‌ನಿಂದ ಗ್ರೌಂಡಿಗೆ 100 ಕಿಲೊಓಮ್ ಮತ್ತು 100 ಪಿಕೊಫ್ಯಾರಡ್. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 4.7 ಕಿಲೊಓಮ್, ಅಲ್ಲಿಂದ ಗ್ರೌಂಡಿಗೆ 1.5 ಕಿಲೊಓಮ್. ಹೀಗಾದಾಗ ಗೇನ್, ಅಂದರೆ ಸಿಗ್ನಲ್ ಹಿಗ್ಗುವ ಪ್ರಮಾಣ, ಒಂದಕ್ಕೆ ಸುಮಾರು ನಾಲ್ಕರಷ್ಟಾಗುತ್ತದೆ, ಅಂದರೆ ಸುಮಾರು 12 ಡೆಸಿಬೆಲ್. ಕೊನೆಗೆ 10 ಓಮ್ ದಾಟಿ ಹೆಡ್‌ಫೋನ್ ಸಾಕೆಟ್. ಇಷ್ಟನ್ನೇ ಇನ್ನೊಂದು ಚಾನೆಲ್‌ಗೂ ಮಾಡಬೇಕು.

1 ಮೈಕ್ರೊಫ್ಯಾರಡ್ ಮತ್ತು 100 ಕಿಲೊಓಮ್ ಸೇರಿ 1.6 ಹರ್ಟ್ಜ್‌ಗಿಂತ ಕೆಳಗಿನದನ್ನು ತಡೆಯುತ್ತವೆ, ಬಾಸ್‌ಗೆ ಏನೂ ಆಗುವುದಿಲ್ಲ. 1 ಕಿಲೊಓಮ್ ಮತ್ತು 100 ಪಿಕೊಫ್ಯಾರಡ್ ಸುಮಾರು 1.6 ಮೆಗಾಹರ್ಟ್ಜ್‌ಗಿಂತ ಮೇಲಿನದನ್ನು ತಗ್ಗಿಸುತ್ತವೆ. ಮೊಬೈಲ್ ಪಕ್ಕದಲ್ಲಿಟ್ಟಾಗ ಕೇಳುವ ಟರ್‌ಟರ್ ಸದ್ದು ಒಳನುಗ್ಗದಂತೆ ಕಾಯುವುದು ಇವೆರಡೇ. ಸಣ್ಣ ಭಾಗಗಳೆಂದು ಬಿಟ್ಟುಬಿಡಬೇಡಿ.

ಐಸಿಗೆ, ಒಂದರೊಳಗೆ ಎರಡು ಆಪ್‌ಆಂಪ್ ಇರುವ ಒಪಿಎ2134 ನನ್ನ ಆಯ್ಕೆ. ಎನ್‌ಇ5532 ಕೂಡ ಒಳ್ಳೆಯದೇ, ಪಿನ್‌ಗಳೂ ಅದೇ ಕ್ರಮದಲ್ಲಿವೆ. ಆದರೆ ಅದರ ಇನ್‌ಪುಟ್ ಸಾಮಾನ್ಯವಾಗಿ 200 ನ್ಯಾನೊಆಂಪಿಯರ್‌ನಷ್ಟು ಬಯಾಸ್ ಕರೆಂಟ್ (ಸಿಗ್ನಲ್ ಇಲ್ಲದಾಗಲೂ ಹರಿಯುವ ಸಣ್ಣ ಕರೆಂಟ್) ಎಳೆಯುತ್ತದೆ. ಅದು 100 ಕಿಲೊಓಮ್ ಮೂಲಕ ಹರಿದರೆ ಪಿನ್‌ನಲ್ಲಿ 20 ಮಿಲಿವೋಲ್ಟ್ ನಿಲ್ಲುತ್ತದೆ, ನಾಲ್ಕು ಪಟ್ಟಾಗಿ ಹೆಡ್‌ಫೋನ್‌ಗೆ 80 ಮಿಲಿವೋಲ್ಟ್ ಡಿಸಿ ತಲುಪುತ್ತದೆ. ಒಪಿಎ2134ರ ಇನ್‌ಪುಟ್ ಎಫ್‌ಇಟಿ ಬಗೆಯದು. ಅದು ಎಳೆಯುವುದು ಕೆಲವೇ ಪಿಕೊಆಂಪಿಯರ್, ಹಾಗಾಗಿ ಈ ತೊಂದರೆಯೇ ಇಲ್ಲ. ಎರಡೂ ಐಸಿಗಳು ಕೊಡುವ ಔಟ್‌ಪುಟ್ ಕರೆಂಟ್ ಮಾತ್ರ ಕೆಲವು ಹತ್ತು ಮಿಲಿಆಂಪಿಯರ್. 32 ಓಮ್ ಅಥವಾ ಅದಕ್ಕಿಂತ ಹೆಚ್ಚಿನ ಹೆಡ್‌ಫೋನ್‌ಗೆ ಹದವಾದ ದನಿಯಲ್ಲಿ ಅದು ಸಾಕು. 16 ಓಮ್‌ನದಕ್ಕೆ ಜೋರಾಗಿ ನುಡಿಸಲು ಬೇರೆ ವಿನ್ಯಾಸ ಬೇಕು.

ಕೆಪಾಸಿಟರ್ ಆರಿಸುವಾಗ

ಆಡಿಯೊ ಬೋರ್ಡಿನಲ್ಲಿ ಎಸ್‌ಎಂಡಿ ಭಾಗಗಳ ಆಯ್ಕೆ ಕಿವಿಗೆ ಗೊತ್ತಾಗುವ ಜಾಗ ಇದು. ಸೆರಾಮಿಕ್ ಕೆಪಾಸಿಟರ್‌ಗಳಲ್ಲಿ ಎರಡು ಬಗೆಗಳನ್ನು ನೆನಪಿಡಿ. ಎಕ್ಸ್7ಆರ್ ಬಗೆಯದು ಚಿಕ್ಕ ಮೈಯಲ್ಲಿ ಹೆಚ್ಚು ಮೌಲ್ಯ ಕೊಡುತ್ತದೆ, ಆದರೆ ಮೇಲೆ ಬೀಳುವ ವೋಲ್ಟೇಜ್ ಏರಿದಂತೆ ಅದರ ಕೆಪಾಸಿಟನ್ಸ್ ಇಳಿಯುತ್ತದೆ. ಸಿಗ್ನಲ್‌ನ ದಾರಿಯಲ್ಲಿ ಇಟ್ಟರೆ ಆ ಏರಿಳಿತವೇ ಡಿಸ್ಟಾರ್ಷನ್ ಆಗುತ್ತದೆ. ಅದು ಪೀಜೊಎಲೆಕ್ಟ್ರಿಕ್ ಕೂಡ ಹೌದು: ಬೋರ್ಡ್ ತಟ್ಟಿದರೆ ಆ ತಟ್ಟಿದ ಸದ್ದು ಹೆಡ್‌ಫೋನ್‌ನಲ್ಲಿ ಕೇಳಬಹುದು. ಸಿ0ಜಿ ಬಗೆಯದರಲ್ಲಿ ಈ ಎರಡು ದೋಷಗಳೂ ಇಲ್ಲವೆನ್ನುವಷ್ಟು ಕಡಿಮೆ. 100 ಪಿಕೊಫ್ಯಾರಡ್‌ಗೆ ಸಿ0ಜಿಯನ್ನೇ ಹಾಕಿ.

1 ಮೈಕ್ರೊಫ್ಯಾರಡ್‌ಗೆ ಸಿ0ಜಿ ಸಿಗುವುದು ಕಷ್ಟ, ಅಲ್ಲಿ ಫಿಲ್ಮ್ ಕೆಪಾಸಿಟರ್ ಬೇಕು. ಎಸ್‌ಎಂಡಿ ಫಿಲ್ಮ್ ಕೆಪಾಸಿಟರ್‌ಗಳು ಬಿಸಿಗೆ ಬೇಗ ಹಾಳಾಗುತ್ತವೆ. ಅದೊಂದನ್ನು ಕಾಲುಗಳಿರುವ ಮಾದರಿಯಲ್ಲೇ ಹಾಕಿದರೆ ಯಾವ ಕುಂದೂ ಇಲ್ಲ. ಪವರ್ ಪಿನ್‌ಗಳ ಪಕ್ಕ ಕೂರುವ 100 ನ್ಯಾನೊಫ್ಯಾರಡ್‌ಗೆ ಮಾತ್ರ ಎಕ್ಸ್7ಆರ್ ಧಾರಾಳವಾಗಿ ಸಾಕು, ಅಲ್ಲಿ ಅದರ ದೋಷ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು ಎಚ್ಚರಿಕೆ: ಚಿಕ್ಕ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ ಏನೂ ಬರೆದಿರುವುದಿಲ್ಲ. ಅವು ಬರುವ ಟೇಪಿನಿಂದ ತೆಗೆದ ಮೇಲೆ 100 ಪಿಕೊ ಯಾವುದು, 100 ನ್ಯಾನೊ ಯಾವುದು ಎಂದು ಕಣ್ಣಿನಿಂದ ಹೇಳಲಾಗದು. ಒಂದು ಮೌಲ್ಯದ್ದನ್ನು ಪೂರ್ತಿ ಬೆಸೆದು ಮುಗಿಸಿದ ಮೇಲೆಯೇ ಇನ್ನೊಂದರ ಪೊಟ್ಟಣ ತೆರೆಯಿರಿ. ರೆಸಿಸ್ಟರ್‌ಗಳ ಮೇಲೆ ಅಂಕೆ ಇರುತ್ತದೆ: 472 ಎಂದರೆ 47ರ ಮುಂದೆ ಎರಡು ಸೊನ್ನೆ, ಅಂದರೆ 4.7 ಕಿಲೊಓಮ್. 1501 ಎಂದಿದ್ದರೆ 150ರ ಮುಂದೆ ಒಂದು ಸೊನ್ನೆ, 1.5 ಕಿಲೊಓಮ್. 0603 ಗಾತ್ರದವುಗಳಲ್ಲಿ 01ಸಿ ಎಂಬಂಥ ಸಂಕೇತವೂ ಇರಬಹುದು. ಅದು 10 ಕಿಲೊಓಮ್. ಅನುಮಾನ ಬಂದರೆ ಬೆಸೆಯುವ ಮುಂಚೆ ಮೀಟರ್‌ನಿಂದ ಅಳೆಯಿರಿ.

ಗಾತ್ರ 0805 ಇರಲಿ: 2 ಮಿಲಿಮೀಟರ್ ಉದ್ದ, 1.25 ಅಗಲ. ಐಸಿಗೆ ಎಸ್‌ಒಐಸಿ ಮಾದರಿ, ಕಾಲುಗಳ ನಡುವಿನ ದೂರ 1.27 ಮಿಲಿಮೀಟರ್. ಕಲಿಯುವ ಕೈಗೆ ಇವೆರಡೂ ಹಿತ.

ಸಲಕರಣೆ

ತಾಪಮಾನ ಹೊಂದಿಸಬಲ್ಲ ಐರನ್, 2 ಮಿಲಿಮೀಟರ್ ಆಸುಪಾಸಿನ ಚಪ್ಪಟೆ ತುದಿ. ಸೂಜಿಯಂಥ ತುದಿ ಬೇಕೆಂದು ತೋರುತ್ತದೆ, ಆದರೆ ಅದು ಬಿಸಿಯನ್ನು ಪ್ಯಾಡಿಗೆ (ಬೋರ್ಡಿನಲ್ಲಿ ಭಾಗ ಕೂರುವ ತಾಮ್ರದ ತುಂಡು) ದಾಟಿಸುವುದೇ ಇಲ್ಲ. ಗಂಟೆಗಟ್ಟಲೆ ಒತ್ತಿ ಹಿಡಿದು ಪ್ಯಾಡ್ ಕಿತ್ತು ಬರುವುದು ಅದರಿಂದಲೇ. 0.5 ಮಿಲಿಮೀಟರ್ ದಪ್ಪದ ಸಾಲ್ಡರ್ ವೈರ್ ಸಾಕು. ತವರ 63, ಸೀಸ 37 ಇರುವುದು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಐರನ್ ಅನ್ನು 320ರಿಂದ 350ಕ್ಕೆ ಇಡಿ. ಸೀಸವಿಲ್ಲದ್ದು 217 ಡಿಗ್ರಿಯ ಮೇಲೆ ಕರಗುತ್ತದೆ, ಐರನ್ ಇನ್ನೊಂದು 20–30 ಡಿಗ್ರಿ ಹೆಚ್ಚಿರಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಫ್ಲಕ್ಸ್. ವೈರಿನೊಳಗಿನ ಫ್ಲಕ್ಸ್ ಎಸ್‌ಎಂಡಿಗೆ ಸಾಲದು, ಸಿರಿಂಜಿನಲ್ಲಿ ಬರುವ ಜೆಲ್ ಫ್ಲಕ್ಸ್ ತನ್ನಿ. ಕರಗಿದ ಸಾಲ್ಡರ್ ಲೋಹದ ಮೇಲೆ ಹರಡಬೇಕೇ, ಉಂಡೆಯಾಗಿ ಪಕ್ಕದ ಕಾಲಿಗೆ ಸೇತುವೆ ಕಟ್ಟಬೇಕೇ ಎಂಬುದನ್ನು ತೀರ್ಮಾನಿಸುವುದು ಅದೇ. ನೀರಿನ ಪೈಪಿನ ಕೆಲಸಕ್ಕೆ ಬಳಸುವ ಆಮ್ಲದ ಫ್ಲಕ್ಸ್ ಮಾತ್ರ ಎಂದೂ ಬೇಡ, ತಾಮ್ರವನ್ನು ತಿಂದುಹಾಕುತ್ತದೆ.

ಇವಲ್ಲದೆ ಚೂಪು ಚಿಮಟ, ಸಾಲ್ಡರ್ ಹೀರುವ ತಾಮ್ರದ ಜಡೆ, ಹತ್ತು ಪಟ್ಟಿನ ಭೂತಗನ್ನಡಿ, ಐಸೊಪ್ರೊಪೈಲ್ ಆಲ್ಕೊಹಾಲ್, ಏಸಿ ಮಿಲಿವೋಲ್ಟ್ ಅಳೆಯಬಲ್ಲ ಮಲ್ಟಿಮೀಟರ್ ಮತ್ತು 1 ವಾಟ್‌ನ ಎರಡು 100 ಓಮ್ ರೆಸಿಸ್ಟರ್‌ಗಳಿರಲಿ. ಕಿಟಕಿ ತೆರೆದಿರಲಿ, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮುಂಚೆ ತೊಳೆಯಿರಿ.

ಬೆಸುಗೆಯ ಕೈಚಳಕ

ಎರಡು ತುದಿಯ ಭಾಗಕ್ಕೆ ಕ್ರಮ ಇದು. ಎರಡು ಪ್ಯಾಡುಗಳಲ್ಲಿ ಒಂದಕ್ಕೆ ಮಾತ್ರ ಚೂರು ಸಾಲ್ಡರ್ ಹಾಕಿ. ಮೇಲೆ ಫ್ಲಕ್ಸ್ ಸವರಿ. ಚಿಮಟದಲ್ಲಿ ಭಾಗವನ್ನು ಹಿಡಿದು, ಆ ಸಾಲ್ಡರನ್ನು ಕರಗಿಸುತ್ತಲೇ ಪಕ್ಕದಿಂದ ಜಾರಿಸಿ ಕೂರಿಸಿ. ಐರನ್ ತೆಗೆಯಿರಿ, ಸಾಲ್ಡರ್ ಗಟ್ಟಿಯಾಗುವವರೆಗೆ ಚಿಮಟ ಅಲುಗದಿರಲಿ. ಇನ್ನೊಂದು ತುದಿಗೆ ಸಾಲ್ಡರ್ ಕೊಡಿ. ಬಳಿಕ ಮೊದಲಿನ ತುದಿಗೆ ಮರಳಿ, ಫ್ಲಕ್ಸ್ ಸೇರಿಸಿ ಮತ್ತೊಮ್ಮೆ ಕರಗಿಸಿ. ಮೊದಲ ಸಲದ ಬೆಸುಗೆಯಲ್ಲಿ ಫ್ಲಕ್ಸ್ ಆಗಲೇ ಉರಿದುಹೋಗಿರುತ್ತದೆ, ಅದು ಹೊರಗೆ ಸರಿಯಾಗಿ ಕಂಡರೂ ಒಳಗೆ ಹಿಡಿದಿರುವುದಿಲ್ಲ. ಈ ಕೊನೆಯ ಹೆಜ್ಜೆಯನ್ನು ಬಿಟ್ಟವರ ಬೋರ್ಡುಗಳೇ ಮುಂದೆ ಆಗಾಗ ಸದ್ದು ನಿಲ್ಲಿಸುವುದು. ಒಂದು ತುದಿಗೆ ಎರಡು ಸೆಕೆಂಡ್ ಸಾಕು. ಸೆರಾಮಿಕ್ ಕೆಪಾಸಿಟರ್‌ನ ಮೈಗೆ ಐರನ್ ತಾಗಿಸಬೇಡಿ, ಪ್ಯಾಡಿಗೆ ಮಾತ್ರ ತಾಗಲಿ. ಮೈಗೆ ಒಮ್ಮೆಲೇ ಬಿಸಿ ತಗುಲಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ.

ಗ್ರೌಂಡ್ ಪ್ಯಾಡುಗಳು ಹಟಮಾರಿ. ಅಗಲ ತಾಮ್ರ ಬಿಸಿಯನ್ನೆಲ್ಲ ಹಂಚಿಕೊಳ್ಳುವುದರಿಂದ ಸಾಲ್ಡರ್ ಪ್ಯಾಡಿನ ಮೇಲೆ ಸುಮ್ಮನೆ ಕೂತಿರುತ್ತದೆ. ಅಲ್ಲಿ ಐರನ್‌ನ ಚಪ್ಪಟೆ ಬದಿಯನ್ನು ಪೂರ್ತಿ ತಾಗಿಸಿ, ಸಾಲ್ಡರ್ ಅಂಚಿನವರೆಗೆ ಹರಿಯುವುದನ್ನು ಕಂಡ ಮೇಲೆಯೇ ತೆಗೆಯಿರಿ.

ಐಸಿಗೆ ಮೊದಲು ದಿಕ್ಕು ನೋಡಿ. ಚುಕ್ಕಿ ಇರುವ ಮೂಲೆ ಪಿನ್ 1. ಚುಕ್ಕಿ ಇಲ್ಲದಿದ್ದರೆ ಒಂದು ಉದ್ದನೆಯ ಅಂಚು ಇಳಿಜಾರಾಗಿ ಕತ್ತರಿಸಿದಂತಿರುತ್ತದೆ, ಪಿನ್ 1ರಿಂದ 4 ಆ ಬದಿಗೆ. ಒಂದು ಮೂಲೆಯ ಕಾಲನ್ನು ಮಾತ್ರ ಬೆಸೆದು, ಎಂಟೂ ಕಾಲುಗಳು ಪ್ಯಾಡಿನ ನಡುವೆ ಇವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ. ಓರೆಯಾಗಿದ್ದರೆ ಈಗಲೇ ಸರಿಪಡಿಸಿ, ಎರಡನೇ ಮೂಲೆ ಬೆಸೆದ ಮೇಲೆ ಆಗದು. ಎದುರು ಮೂಲೆ ಬೆಸೆದು, ಫ್ಲಕ್ಸ್ ಹಚ್ಚಿ, ಉಳಿದವನ್ನು ಒಂದೊಂದಾಗಿ ಮುಗಿಸಿ. ಎರಡು ಕಾಲುಗಳ ನಡುವೆ ಸೇತುವೆಯಾದರೆ ಗಾಬರಿ ಬೇಡ. ಫ್ಲಕ್ಸ್ ಹಾಕಿ, ಒರೆಸಿ ಶುಚಿ ಮಾಡಿದ ಐರನ್ ತುದಿಯನ್ನು ಕಾಲಿನ ಉದ್ದಕ್ಕೆ ಹೊರಗೆಳೆದರೆ ಹೆಚ್ಚಿನವು ಬಿಡುತ್ತವೆ, ಬಿಡದಿದ್ದರೆ ತಾಮ್ರದ ಜಡೆ ಇದೆ.

ಮೊದಲು ವಿದ್ಯುತ್ತಿನ ದಾರಿ

ಮೊದಲ ಹಂತದಲ್ಲಿ ಬ್ಯಾಟರಿ ತಂತಿಗಳು, ಸ್ವಿಚ್, ಎರಡು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಎರಡು 220 ಮೈಕ್ರೊಫ್ಯಾರಡ್ ಎಲೆಕ್ಟ್ರೊಲಿಟಿಕ್, ಎರಡು 100 ನ್ಯಾನೊಫ್ಯಾರಡ್, ಇಷ್ಟೇ. ಐಸಿ ಇನ್ನೂ ಬೇಡ.

ಬ್ಯಾಟರಿ ಕ್ಲಿಪ್ ಕ್ಷಣಕಾಲ ತಿರುಗುಮುರುಗಾಗಿ ತಾಗಿದರೂ ಐಸಿ ಸಾಯದಂತೆ ಕಾಯಲು ಡಯೋಡ್‌ಗಳಿವೆ. ಪ್ಲಸ್ ದಾರಿಯಲ್ಲಿ ಡಯೋಡಿನ ಗೆರೆ ಸರ್ಕ್ಯೂಟ್ ಕಡೆಗೆ, ಮೈನಸ್ ದಾರಿಯಲ್ಲಿ ಗೆರೆ ಬ್ಯಾಟರಿ ಕಡೆಗೆ. ಎಸ್‌ಎಂಡಿ ಅಲ್ಯುಮಿನಿಯಂ ಎಲೆಕ್ಟ್ರೊಲಿಟಿಕ್‌ನ ನೆತ್ತಿಯ ಕಪ್ಪು ಗುರುತು ಮೈನಸ್. ಟ್ಯಾಂಟಲಮ್ ಬಳಸಿದರೆ ಅದರ ಪಟ್ಟಿ ಪ್ಲಸ್. ಈ ವ್ಯತ್ಯಾಸವನ್ನು ಮರೆತರೆ ಟ್ಯಾಂಟಲಮ್ ಹೊತ್ತಿಕೊಳ್ಳುತ್ತದೆ. ಮೈನಸ್ ದಾರಿಯ ಎಲೆಕ್ಟ್ರೊಲಿಟಿಕ್‌ನಲ್ಲಿ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕೆಂಬುದನ್ನೂ ಮತ್ತೊಮ್ಮೆ ನೋಡಿಕೊಳ್ಳಿ.

ಸ್ವಿಚ್ ಎರಡೂ ಬ್ಯಾಟರಿಗಳನ್ನು ಒಟ್ಟಿಗೆ ಕಡಿಯುವಂಥದ್ದೇ ಆಗಬೇಕು. ಒಂದನ್ನೇ ಕಡಿದರೆ ಉಳಿದ ಬ್ಯಾಟರಿಯ ವೋಲ್ಟೇಜಿನತ್ತ ಔಟ್‌ಪುಟ್ ವಾಲಿ, ಹೆಡ್‌ಫೋನ್‌ನ ಕಾಯಿಲ್ ಸುಡಬಹುದು.

ಬ್ಯಾಟರಿ ಜೋಡಿಸುವ ಮುಂಚೆ ಐಸಿಯ ಖಾಲಿ ಪ್ಯಾಡ್ 8ರಿಂದ ಗ್ರೌಂಡಿಗೆ, ಮತ್ತೆ 4ರಿಂದ ಗ್ರೌಂಡಿಗೆ ರೆಸಿಸ್ಟೆನ್ಸ್ ಅಳೆಯಿರಿ. ಕೆಪಾಸಿಟರ್ ತುಂಬುತ್ತಿದ್ದಂತೆ ಅಂಕೆ ಏರುತ್ತಾ ಹೋಗಬೇಕು. ಕೆಲವೇ ಓಮ್‌ನಲ್ಲಿ ನಿಂತರೆ ಶಾರ್ಟ್ ಇದೆ. ಸರಿಯಿದ್ದರೆ ಎರಡೂ ಬ್ಯಾಟರಿ ತಂತಿಗಳಲ್ಲಿ ಒಂದೊಂದು 100 ಓಮ್ ಸೇರಿಸಿ ಸ್ವಿಚ್ ಹಾಕಿ. ಪ್ಯಾಡ್ 8ರಲ್ಲಿ ಪ್ಲಸ್ 9 ಆಸುಪಾಸು, ಪ್ಯಾಡ್ 4ರಲ್ಲಿ ಮೈನಸ್ 9 ಆಸುಪಾಸು ಕಂಡರೆ ಈ ಹಂತ ಮುಗಿಯಿತು.

ಐಸಿ ಮತ್ತು ಎರಡು ಚಾನೆಲ್

ಈಗ ಐಸಿಯನ್ನೂ ಎರಡೂ ಚಾನೆಲ್‌ಗಳ 4.7 ಕಿಲೊ, 1.5 ಕಿಲೊ, 100 ಕಿಲೊಓಮ್‌ಗಳನ್ನೂ ಬೆಸೆಯಿರಿ. ಆಲ್ಕೊಹಾಲ್ ಹಾಕಿ ಬ್ರಷ್‌ನಿಂದ ಉಜ್ಜಿ ಫ್ಲಕ್ಸ್ ತೊಳೆದು ಒಣಗಲು ಬಿಡಿ. ಕರೆಂಟ್ ಇಲ್ಲದೆ ಅಳೆದಾಗ ಪಿನ್ 1ರಿಂದ 2ಕ್ಕೆ 4.7 ಕಿಲೊಓಮ್, 2ರಿಂದ ಗ್ರೌಂಡಿಗೆ 1.5, 3ರಿಂದ ಗ್ರೌಂಡಿಗೆ 100 ಬರಬೇಕು. ಇನ್ನೊಂದು ಚಾನೆಲ್‌ನಲ್ಲಿ 7ರಿಂದ 6, 6ರಿಂದ ಗ್ರೌಂಡ್, 5ರಿಂದ ಗ್ರೌಂಡ್ ಇವಕ್ಕೂ ಅದೇ ಅಂಕೆಗಳು. ಅಳೆಯುವಾಗ ಮೀಟರ್‌ನ ಪ್ರೋಬ್ ತುದಿಯನ್ನು ಪ್ಯಾಡಿನ ಮೇಲಿಡದೆ ಐಸಿಯ ಕಾಲಿನ ಮೇಲೆ, ಮೈಗೆ ಹತ್ತಿರ ಇಡಿ. ಬೆಸುಗೆ ಹಿಡಿಯದ ಕಾಲು ಹಾಗೆ ಮಾತ್ರ ಸಿಕ್ಕಿಬೀಳುತ್ತದೆ.

100 ಓಮ್‌ಗಳ ಮೂಲಕವೇ ಮತ್ತೆ ಕರೆಂಟ್ ಕೊಡಿ. ಈ ಐಸಿ ಎಳೆಯುವುದು ಸುಮಾರು 8 ಮಿಲಿಆಂಪಿಯರ್, ಹಾಗಾಗಿ ಪ್ರತಿ 100 ಓಮ್‌ನ ತುದಿಗಳ ನಡುವೆ 0.8 ವೋಲ್ಟ್ ಕಾಣಬೇಕು. 3 ವೋಲ್ಟ್ ಅಥವಾ ಹೆಚ್ಚು ಕಂಡರೆ ಕೂಡಲೇ ಆರಿಸಿ. ಸರಿಯಿದ್ದರೆ ಪಿನ್ 1 ಮತ್ತು 7ರಲ್ಲಿ ಡಿಸಿ ಅಳೆಯಿರಿ. ಒಪಿಎ2134ರಲ್ಲಿ ಕೆಲವೇ ಮಿಲಿವೋಲ್ಟ್ ಬರಬೇಕು. 50 ದಾಟಿದರೆ ಹೆಡ್‌ಫೋನ್ ಹತ್ತಿರ ತರಬೇಡಿ.

ಉಳಿದ ಭಾಗಗಳನ್ನು ಹಾಕಿ, 100 ಓಮ್‌ಗಳನ್ನು ತೆಗೆದು, ಹೆಡ್‌ಫೋನ್ ಬದಲಿಗೆ 33 ಓಮ್ ರೆಸಿಸ್ಟರ್ ಜೋಡಿಸಿ. ಫೋನಿನಿಂದ 200 ಹರ್ಟ್ಜ್ ಸೈನ್ ಟೋನ್ ನುಡಿಸಿ. ಅಗ್ಗದ ಮೀಟರ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುವುದರಿಂದ 200 ಒಳ್ಳೆಯದು. ಪಿನ್ 3ರಲ್ಲಿ 100 ಮಿಲಿವೋಲ್ಟ್ ಇದ್ದರೆ ಪಿನ್ 1ರಲ್ಲಿ ಸುಮಾರು 410, 33 ಓಮ್‌ನ ಮೇಲೆ ಸುಮಾರು 315 ಬರಬೇಕು. ಈ ಅಂಕೆಗಳನ್ನು ಬರೆದಿಟ್ಟುಕೊಳ್ಳಿ.

ಸರಿ ಬಾರದಿದ್ದರೆ

ಸ್ಟೀರಿಯೊ ಬೋರ್ಡಿನಲ್ಲಿ ದೋಷ ಹುಡುಕುವವರಿಗೆ ದೊಡ್ಡ ಅನುಕೂಲವೊಂದಿದೆ: ಸರಿಯಾಗಿರುವ ಚಾನೆಲ್ಲೇ ಕೆಟ್ಟ ಚಾನೆಲ್ಲಿನ ಉತ್ತರ ಪತ್ರಿಕೆ. ಬಿಂದುವಿಗೆ ಬಿಂದು ಹೋಲಿಸುತ್ತಾ ಹೋಗಿ, ಎಲ್ಲಿ ಅಂಕೆ ಬೇರೆಯಾಗುತ್ತದೋ ಅಲ್ಲಿ ನಿಲ್ಲಿ. ಬೋರ್ಡಿನಲ್ಲಿದ್ದಾಗ ರೆಸಿಸ್ಟರ್‌ನ ಅಳತೆ ಪಕ್ಕದ ದಾರಿಗಳಿಂದಾಗಿ ಕಡಿಮೆ ಬರಬಹುದು, ಹೆಚ್ಚು ಬರಲಾರದು. ಬರೆದದ್ದಕ್ಕಿಂತ ಹೆಚ್ಚು ತೋರಿಸಿದರೆ ಒಂದೋ ಬೆಸುಗೆ ಹಿಡಿದಿಲ್ಲ, ಇಲ್ಲವೇ ಬೇರೆ ಮೌಲ್ಯದ್ದನ್ನು ಹಾಕಲಾಗಿದೆ.

ಔಟ್‌ಪುಟ್ ಪ್ಲಸ್ 9 ಅಥವಾ ಮೈನಸ್ 9ರ ಹತ್ತಿರ ಅಂಟಿಕೊಂಡಿದ್ದರೆ ಐಸಿ ಸತ್ತಿದೆ ಎಂದು ತೀರ್ಮಾನಿಸಬೇಡಿ. ಸರಿಯಾಗಿ ನಡೆಯುವ ಆಪ್‌ಆಂಪ್‌ನ ಎರಡು ಇನ್‌ಪುಟ್‌ಗಳ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಇರುತ್ತದೆ. ಪಿನ್ 2 ಮತ್ತು 3ನ್ನು ಅಳೆಯಿರಿ. ಪ್ಲಸ್ ಇನ್‌ಪುಟ್ ಮೇಲಿದ್ದು ಔಟ್‌ಪುಟ್ ಕೂಡ ಮೇಲೆ ಹೋಗಿದ್ದರೆ ಐಸಿ ತನ್ನ ಕೆಲಸ ಮಾಡುತ್ತಿದೆ, 4.7 ಕಿಲೊಓಮ್‌ನ ದಾರಿ ಎಲ್ಲೋ ಕಡಿದಿದೆ. ಪ್ಲಸ್ ಇನ್‌ಪುಟ್ ಸ್ಪಷ್ಟವಾಗಿ ಮೇಲಿದ್ದೂ ಔಟ್‌ಪುಟ್ ಕೆಳಗೆ ಬಿದ್ದಿದ್ದರೆ ಆಗ ಐಸಿ ಮೇಲೆ, ಅಥವಾ ಔಟ್‌ಪುಟ್‌ನ ಶಾರ್ಟ್ ಮೇಲೆ ಅನುಮಾನ ಪಡಬೇಕು. ಇದೊಂದು ಪರೀಕ್ಷೆ ಎಷ್ಟೋ ಒಳ್ಳೆಯ ಐಸಿಗಳನ್ನು ಕಸದಬುಟ್ಟಿಯಿಂದ ಉಳಿಸುತ್ತದೆ.

ಎರಡೂ ಕಡೆ ಸದ್ದು ಬರುತ್ತಿದೆ, ಆದರೆ ಹಾಡುಗಾರರ ದನಿ ಮಾಯವಾಗಿ ವಾದ್ಯಗಳು ಟೊಳ್ಳಾಗಿ ಕೇಳುತ್ತಿವೆ ಎಂದರೆ ಹೆಡ್‌ಫೋನ್ ಸಾಕೆಟ್‌ನ ಗ್ರೌಂಡ್ ಕಾಲು ಬಿಟ್ಟಿದೆ. ಆಗ ಕಿವಿಗೆ ಬೀಳುವುದು ಎರಡು ಚಾನೆಲ್‌ಗಳ ವ್ಯತ್ಯಾಸ ಮಾತ್ರ, ನಡುವಿನ ದನಿ ಕಳೆದುಹೋಗುತ್ತದೆ. ಬಾಸ್ ಒಂದೇ ಕಡೆ ತೆಳುವಾಗಿದ್ದರೆ ಆ ಬದಿಯ 1 ಮೈಕ್ರೊಫ್ಯಾರಡ್ ನೋಡಿ.

ಗುಂಯ್ ಎಂಬ ಹಮ್ ಬ್ಯಾಟರಿ ಬೋರ್ಡಿನಲ್ಲಿ ಕೇಳಿದರೆ ಅದು ಇನ್‌ಪುಟ್ ತಂತಿಯ ಗ್ರೌಂಡ್ ಬಿಟ್ಟಿರುವ ಅಥವಾ ತಂತಿಗೆ ಶೀಲ್ಡ್ ಇಲ್ಲದ ಗುರುತು. ವಾಲ್ಯೂಮ್ ಕಂಟ್ರೋಲ್‌ನ ಲೋಹದ ಮೈಯನ್ನು ಗ್ರೌಂಡಿಗೆ ಸೇರಿಸಿದರೂ ಕಡಿಮೆಯಾಗುವುದುಂಟು.

ಆಸಿಲೇಷನ್ ಮೋಸಗಾರ ದೋಷ. ಕಿವಿಗೆ ಕೇಳದ ಫ್ರೀಕ್ವೆನ್ಸಿಯಲ್ಲಿ ಐಸಿ ತಾನೇ ಕಂಪಿಸುತ್ತಿರುತ್ತದೆ. ಹಾಡು ಒರಟಾಗುತ್ತದೆ, ಐಸಿ ಬೆಚ್ಚಗಾಗುತ್ತದೆ, ಕರೆಂಟ್ 8 ಮಿಲಿಆಂಪಿಯರ್‌ಗಿಂತ ಬಹಳ ಹೆಚ್ಚಿರುತ್ತದೆ, ಬೆರಳು ಹತ್ತಿರ ತಂದರೆ ಸದ್ದು ಬದಲಾಗುತ್ತದೆ. ಮೊದಲು 100 ನ್ಯಾನೊಫ್ಯಾರಡ್‌ಗಳ ಬೆಸುಗೆಯನ್ನು ಫ್ಲಕ್ಸ್ ಹಾಕಿ ಮತ್ತೆ ಕರಗಿಸಿ. ಅವು ಪಿನ್ 8 ಮತ್ತು 4ರಿಂದ ದೂರದಲ್ಲಿದ್ದರೆ ಹತ್ತಿರಕ್ಕೆ ತನ್ನಿ. ಹೆಡ್‌ಫೋನ್ ವೈರ್ ಚುಚ್ಚಿದಾಗ ಮಾತ್ರ ಹೀಗಾದರೆ 10 ಓಮ್ ಅನ್ನು 22 ಅಥವಾ 47ಕ್ಕೆ ಏರಿಸಿ.

ಬಂದು ಹೋಗುವ ಸದ್ದಿಗೆ ಬಿದಿರು ಕಡ್ಡಿ ಬೇಕು. ಬೋರ್ಡ್ ನಡೆಯುತ್ತಿರುವಾಗ ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತಿ. ಒತ್ತಿದಾಗ ಸರಿಯಾಗುವ ಜಾಗವನ್ನು ಮತ್ತೆ ಬೆಸೆಯಿರಿ. ಹಾಗೆ ಬೆಸೆದರೂ ಹೋಗದಿದ್ದರೆ, ಅದು ಸೆರಾಮಿಕ್ ಕೆಪಾಸಿಟರ್ ಆಗಿದ್ದರೆ, ಬಿರುಕು ಬಿಟ್ಟಿದೆ ಎಂದುಕೊಂಡು ಬದಲಿಸಿ.

ಐಸಿ ತೆಗೆಯಲೇಬೇಕಾದಾಗ

ಇಷ್ಟೆಲ್ಲ ನೋಡಿದ ಮೇಲೂ ಐಸಿ ಮೇಲೆಯೇ ಅನುಮಾನ ಉಳಿದರೆ, ಅದನ್ನು ಉಳಿಸುವ ಆಸೆ ಬಿಟ್ಟು ಬೋರ್ಡನ್ನು ಉಳಿಸಿ. ಚೂಪು ಕತ್ತರಿಯಿಂದ ಎಂಟೂ ಕಾಲುಗಳನ್ನು ಮೈಯ ಬಳಿ ಕತ್ತರಿಸಿ, ಮೈಯನ್ನು ಎತ್ತಿ, ಉಳಿದ ಕಾಲುಗಳನ್ನು ಒಂದೊಂದಾಗಿ ಕರಗಿಸಿ ತೆಗೆಯುವುದು ಪ್ಯಾಡುಗಳಿಗೆ ಅತಿ ಸುರಕ್ಷಿತ. ಬಿಸ್ಮತ್ ಬೆರೆತ, 138 ಡಿಗ್ರಿಗೆ ಕರಗುವ ಸಾಲ್ಡರನ್ನು ಎರಡೂ ಸಾಲಿಗೆ ಧಾರಾಳವಾಗಿ ಹರಿಸಿದರೆ ಐಸಿ ಪೂರ್ತಿಯಾಗಿ ಜಾರಿ ಬರುತ್ತದೆ. ಆದರೆ ಆಮೇಲೆ ಪ್ಯಾಡಿನಿಂದ ಅದನ್ನು ಜಡೆಯಿಂದ ಒಂದಿಷ್ಟೂ ಉಳಿಯದಂತೆ ಹೀರಿಸಬೇಕು: ಬಿಸ್ಮತ್, ಸೀಸ, ತವರ ಮೂರೂ ಬೆರೆತರೆ 96 ಡಿಗ್ರಿಯ ಸುಮಾರಿಗೇ ಕರಗುವ ದುರ್ಬಲ ಮಿಶ್ರಣ ಉಳಿಯುತ್ತದೆ.

ಪ್ಯಾಡುಗಳು ಚಪ್ಪಟೆಯಾಗಿ ಹೊಳೆಯುವಂತೆ ಒರೆಸಿ, ಹೊಸ ಐಸಿಯನ್ನು ಚುಕ್ಕಿಯ ದಿಕ್ಕು ನೋಡಿ ಕೂರಿಸಿ. ಎರಡು 100 ಓಮ್‌ಗಳನ್ನು ಮತ್ತೆ ಬ್ಯಾಟರಿ ತಂತಿಗೆ ಸೇರಿಸಿ, 0.8 ವೋಲ್ಟ್ ಕಂಡ ಮೇಲೆ ಪಿನ್ 1 ಮತ್ತು 7ರ ಡಿಸಿಯನ್ನು ಇನ್ನೊಮ್ಮೆ ಅಳೆದು, ಬಳಿಕ ಹೆಡ್‌ಫೋನ್ ಚುಚ್ಚಿ.